ಚರಗದ ಊಟಕ್ಕೆ ಬಂದವರು

ಎಳ್ಳ ಅಮಾವಾಸ್ಯೆಯ ಚರಗವನ್ನು ಮೋಟರ್‌ಸೈಕಲ್ ಮೇಲೆ ಕುಳಿತು ಚೆಲ್ಲಿದವನು ನಮ್ಮ ಬಳಗದಲ್ಲಿ ನಾನೊಬ್ಬನೇ. ಇನ್ನೊಬ್ಬ ಹುಟ್ಟದಿರಲಿ.

ಚರಗವೆಂದರೆ ಬಸಿರಿ ಭೂಮಿತಾಯಿಗೆ ಬಡಿಸುವ ಊಟ. ಸಜ್ಜಿ ರೊಟ್ಟಿ, ಕಡುಬು, ಪಲ್ಯ ಎಲ್ಲ ಕಲಸಿ ಬುಟ್ಟಿಗೆ ತುಂಬಿಕೊಂಡು, ಹೊಲದ ನಾಲ್ಕೂ ಬದುವಿನ ಗುಂಟ ನಡೆಯುತ್ತ ಹಿಡಿಹಿಡಿಯಾಗಿ ಬೆಳೆಯೊಳಗೆ ಚೆಲ್ಲಬೇಕು. ಹೋದ ವರ್ಷ ನನಗೆ ನಡೆಯುವ ಪುರುಸೊತ್ತಿರಲಿಲ್ಲ. ಹೊಲ ಕಮಲಾಪುರದ ನನ್ನ ಸೋದರತ್ತಿಯದು; ಅವಳಿಗೆ ಮರುದಿನವೇ ಕಲಬುರಗಿಯ ಸೇಡಂ ರಸ್ತೆಯ ದವಾಖಾನೆಯಲ್ಲಿ ಮೊಣಕಾಲಿನ ಆಪರೇಶನ್. ಸಂಜೆಯೊಳಗೆ ಅವಳನ್ನು ಅಲ್ಲಿನ ನಮ್ಮ ಮನೆ ಮುಟ್ಟಿಸಿ, ಸೂಪರ್ ಮಾರ್ಕೆಟ್ ಪೇಟೆಯ ನನ್ನ ಬಟ್ಟೆ ಅಂಗಡಿಯ ಕಡೆಗೂ ಹಣಿಕಿ ಬರುವ ಯೋಚನೆ ನನ್ನದು. ಅತ್ತಿಯ ಮಗ ಗಾಡಿ ಹೊಡೆದ, ನಾನು ಹಿಂದೆ ಕುಳಿತು ಬುಟ್ಟಿ ಬರಿದು ಮಾಡಿದೆ. ಐದು ನಿಮಿಷದ ಕೆಲಸ.

ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕುಳಿತಿದ್ದ ಅತ್ತಿ ಎಲ್ಲ ನೋಡಿದ್ದಳು.

"ಭೂಮಿತಾಯಿಗಿ ಊಟ ಹಾಕಿದೇನೋ ತಮ್ಮಾ, ಇಲ್ಲಾ ಪೇಪರ್ ಹಾಕಿ ಬಂದಿ?"

"ಸುತ್ತೂ ಚೆಲ್ಲೀನಲ್ಲ ಅತ್ತಿ."

"ಚೆಲ್ಲೀದಿ ಖರೇ. ಯಾರ್ಯಾರು ಉಂಡಾರ?"

ನಾನು ಗಡಿಯಾರ ನೋಡಿಕೊಂಡೆ.

"ಮಂದೀನ ಊಟಕ್ಕ ಕರದು, ಎಲಿ ಹಾಕಿ ಓಡಿ ಹೋಗ್ತಾರೇನು? ಉಂಡಾರೋ ಇಲ್ಲೋ ನೋಡೂದು ಬ್ಯಾಡ?" ಅನ್ನುತ್ತ ಕೋಲು ಊರಿ ಎದ್ದೇಬಿಟ್ಟಳು.

ಮಗ ಗಾಬರಿಯಾದ. "ಯವ್ವಾ, ಡಾಕ್ಟರ್ ಏನ್ ಹೇಳ್ಯಾರ?"

"ನಾಳಿಂದ ಈ ಕಾಲು ಡಾಕ್ಟರದ್ದು. ಇವತ್ತಿನ ಮಟ್ಟಿಗಿ ನಂದೇ ಅದ."

ಲಗ್ನವಾಗಿ ಬಂದ ವರ್ಷದಿಂದ ಅತ್ತಿ ಈ ಸುತ್ತು ತಪ್ಪಿಸಿದವಳಲ್ಲ. ಇನ್ನು ಮೇಲೆ ಹೆಂಟೆ ತುಂಬಿದ ಹೊಲದಲ್ಲಿ ಇಳಿಯಬಾರದೆಂದು ಡಾಕ್ಟರು ಹೇಳಿಯಾಗಿತ್ತು. ಅಂದರೆ ಇದೇ ಕಡೆಯ ಸುತ್ತು. ಅದನ್ನು ನಾನು ಗಾಡಿಯ ಮೇಲೆ ಮುಗಿಸಿ ಬಂದಿದ್ದೆ! ಹೋಗಿ ಹೆಗಲು ಕೊಟ್ಟೆ.

ಅವಳ ನಡಿಗೆಗೆ ನನ್ನ ಕಾಲು ಹೊಂದಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು. ಹಾಗೆ ನಿಂತಾಗಲೇ ಕಂಡದ್ದು, ಗಾಡಿಯ ಗಾಲಿ ಒಂದು ಇರುವೆ ಗೂಡಿನ ಬಾಯಿಯ ಮೇಲೇ ಹಾದುಹೋಗಿತ್ತು. ಅರ್ಧ ಇರುವೆಗಳು ಮಣ್ಣು ಎತ್ತುತ್ತಿದ್ದವು, ಅರ್ಧ ಒಂದು ಕಡುಬಿನ ಚೂರನ್ನು ಎಳೆಯುತ್ತಿದ್ದವು.

"ಮನಿ ಕೆಡವಿದವನ ಕೈಯಾಗಿಂದೇ ಉಣ್ಣಾಕತ್ತಾವ. ಎಂಥಾ ದೊಡ್ಡ ಮನಸು ನೋಡು," ಅಂದಳು. ಮಾತು ಇರುವೆಯ ಬಗ್ಗೆ, ನೋಟ ನನ್ನ ಕಡೆ.

ಎರಡನೆಯ ಬದುವಿನಲ್ಲಿ ಕಡಲೆ ಗಿಡ ಸವರಿ ಬೆರಳು ನೆಕ್ಕಿಸಿದಳು. ಹುಳಿಗೆ ಹಲ್ಲು ಜುಮ್ಮೆಂದಿತು. ಮೂರನೆಯದರಲ್ಲಿ ಎರಡು ಗೊರವಂಕ ಒಂದೇ ರೊಟ್ಟಿ ತುಂಡಿಗೆ ಜಗಳಾಡುತ್ತಿದ್ದವು. ಪಕ್ಕದ ತೊಗರಿಯ ತುದಿಗೆ ಕಾಜಾಣ, ನಮ್ಮ ಊಟ ತನಗೆ ಸಂಬಂಧವಿಲ್ಲದಂತೆ ಕೂತಿತ್ತು. ಅತ್ತಿ ನಗುತ್ತಿದ್ದವಳು ಒಮ್ಮೆಲೇ ನನ್ನ ಹೆಗಲನ್ನು ಗಟ್ಟಿ ಹಿಡಿದಳು. ಮೂಲೆಗೆ ಬರುವಷ್ಟರಲ್ಲಿ ಬದುವಿನ ಮೇಲೆ ಕುಸಿದು ಕೂತಳು. ತುಟಿ ಬೆಳ್ಳಗಾಗಿತ್ತು.

"ಸಾಕು ಅತ್ತಿ."

"ಇನ್ನೊಂದು ಬದು ಉಳದದ." ಕೋಲಿನಿಂದ ಮುಂದಿನ ಬದು ತೋರಿಸಿದಳು. "ನೀ ಹೋಗು. ಕಂಡಿದ್ದೆಲ್ಲ ಒದರಿ ಹೇಳ್ಕೋತ ಹೋಗು. ನಾ ಇಲ್ಲಿಂದ ಕೇಳ್ತೀನಿ."

ಹೊರಟೆ. ಹತ್ತು ಹೆಜ್ಜೆಗೇ ಹಿಂದಿನಿಂದ ಕೂಗು: "ಏನ್ ಕಾಣಸ್ತದ?"

"ಏನಿಲ್ಲತ್ತಿ! ಜ್ವಾಳ!"

"ಜ್ವಾಳ ಅಂದ್ರ ಏನಿಲ್ಲೇನು? ನಿಂತು ನೋಡು!"

ನಿಂತೆ. ಎರಡು ದಂಟುಗಳ ನಡುವೆ ಜೇಡ ಬಲೆ ಕಟ್ಟಿತ್ತು. ನಾನು ಗಾಡಿಯಿಂದ ಎಸೆದ ರೊಟ್ಟಿಯ ಚೂರೊಂದು ಅದರಲ್ಲಿ ಸಿಕ್ಕಿಬಿದ್ದಿತ್ತು. ಜೇಡ ಬಂದು ಮುಟ್ಟಿ ನೋಡಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಆಮೇಲೆ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕಡಿದು ಚೂರನ್ನು ಕೆಳಗೆ ಬೀಳಿಸಿ, ತೂತು ಹೊಲಿಯಲು ಕೂತಿತು. ಎಷ್ಟು ಹೊತ್ತು ನೋಡಿದೆನೋ, ಅಂಗಡಿಯ ನೆನಪೇ ಆಗಲಿಲ್ಲ.

"ಅತ್ತೀ, ಜೇಡ ರೊಟ್ಟಿ ಒಲ್ಲೆ ಅಂತದ!"

"ಅದಕ್ಕ ಖಂಡ ಬೇಕಾಗಿರ್ತದೋ! ನಮ್ಮ ಮನ್ಯಾಗ ಎಲ್ಲಿಂದ ತರೂದು!"

ಅವಳ ನಗೆ ಜೋಳದ ಮೇಲೆ ಹಾದು ಬಂತು. ಕೆಂಪು ಬೆನ್ನಿನ ಹುಳ, ಹಾವಿನ ಪೊರೆಯ ತುಂಡು, ಅಳಿಲಿನ ಬಾಲ, ಎಲ್ಲ ಒದರಿ ಹೇಳುತ್ತ ಬೇವಿನ ಗಿಡ ಮುಟ್ಟಿದೆ. "ಮುಗೀತತ್ತಿ!" ಅಂದಾಗ ಅವಳು ಕೂತಲ್ಲೇ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಳು. ಆಮೇಲೆ ಮಗನನ್ನು ಕರೆದಳು: "ಈಗ ತಾ ನಿನ್ನ ಗಾಡಿ."

ಆಪರೇಶನ್ ಆದ ಮೂರನೆಯ ದಿನ ದವಾಖಾನೆಯ ಓಣಿಯಂಥ ವರಾಂಡದಲ್ಲಿ ವಾಕರ್ ಹಿಡಿಸಿ ನಡೆಸಿದರು. ನಾಲ್ಕು ಹೆಜ್ಜೆಗೆ ಅವಳ ಕಣ್ಣಲ್ಲಿ ನೀರು. ಒಲ್ಲೆನೆಂದು ನಿಂತಳು. ನಾನು ಆ ತುದಿಯಿಂದ ಕೂಗಿದೆ.

"ಏನ್ ಕಾಣಸ್ತದ ಅತ್ತಿ?"

"ಏನದ ಇಲ್ಲಿ? ಗ್ವಾಡಿ!"

"ಗ್ವಾಡಿ ಅಂದ್ರ ಏನಿಲ್ಲೇನು? ನಿಂತು ನೋಡು."

ನರ್ಸಮ್ಮ ನನ್ನನ್ನು ಹುಚ್ಚನೆಂಬಂತೆ ನೋಡಿದಳು. ಅತ್ತಿ ಕಣ್ಣು ಒರೆಸಿಕೊಂಡು, ಗೋಡೆಯ ಕಡೆ ಕತ್ತು ಚಾಚಿದಳು.

"ಹಲ್ಲಿ ಅದಪಾ. ಬಾಲ ಹರಕೊಂಡದ, ಪಾಪ." ಇನ್ನಷ್ಟು ಹತ್ತಿರದಿಂದ ನೋಡಲು ವಾಕರನ್ನು ಒಂದು ಗೇಣು ಮುಂದೆ ಸರಿಸಿ ಕಾಲಿಟ್ಟಳು. "ತಡಿ ತಡಿ... ಹೊಸಾದು ಬರಾಕತ್ತದ."