ಕಾಮಣಿ ಕಾಕಾನ ಸುಣ್ಣದ ನೀರು

ಮೊನ್ನೆ ರಕ್ತ ಕೊಡಲು ಹೋದ ಲ್ಯಾಬಿನ ಹೊರಗೋಡೆಗೆ ಯಾರೋ ಸುಣ್ಣ ಬಳಿಯುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಶಲವಡಿಯ ಆ ಕಾಕಾ ನೆನಪಾದರು... ಒಳಗಿಂದ ನನ್ನ ಹೆಸರು ಕೂಗಿದ್ದೂ ಕೇಳಿಸಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಆ ಊರಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ಊರವರ ಬಾಯಲ್ಲಿ 'ಅಕ್ಕೋರು'. ಕಾಕಾ ನನ್ನ ಬಾಡಿಗೆ ಮನೆಯ ಪಕ್ಕದವರು. ಹೊಲವಿತ್ತು, ಆದರೆ ಸುತ್ತಲಿನ ಜನಕ್ಕೆ ಅವರು ಕಾಮಣಿ ಔಷಧ ಕೊಡುವವರು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ರವಿವಾರ ಬೆಳಿಗ್ಗೆ ರೋಗಿಗಳು ಅವರ ಕಟ್ಟೆಗೆ ಬರುತ್ತಿದ್ದರು. ಕಾಕಾ ಸೊಪ್ಪಿನ ರಸ ಕುಡಿಸಿ, ಪರಾತವೆಂಬ ಅಗಲ ತಟ್ಟೆಯಲ್ಲಿ ಸುಣ್ಣದ ನೀರು ಹಾಕಿ ಅವರ ಕೈ ತೊಳೆಸುತ್ತಿದ್ದರು. ನೀರು ಹಳದಿಯಾದರೆ ಕಾಮಣಿ ಇನ್ನೂ ಇದೆ. ತಿಳಿಯಾಗಿಯೇ ಉಳಿದ ದಿನ, ಕಾಮಣಿ ಹೋಯಿತು ಎಂದು ಲೆಕ್ಕ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ; ತೆಗೆದುಕೊಂಡರೆ ಔಷಧದ ಗುಣ ಹೋಗುತ್ತದೆಂಬ ನಂಬಿಕೆ. ಮನುಷ್ಯ ಬಲು ಗತ್ತಿನವರು. ಆ ಗತ್ತು ನನಗೆ ಇಷ್ಟವೂ ಆಗಿತ್ತು.

ಕಾಕಾ ತಮ್ಮ ಮಗಳ ಹೆರಿಗೆಗೆ ರಕ್ತ ಕೊಡಲು ಹುಬ್ಬಳ್ಳಿಗೆ ಹೋದಾಗ ಆಸ್ಪತ್ರೆಯವರು ಅವರ ರಕ್ತ ಬೇಡವೆಂದರು. ಹಿಂದೆಂದೋ ಬಂದಿದ್ದ ಕಾಮಣಿಯ ಸೋಂಕು ರಕ್ತದಲ್ಲೇ ಉಳಿದುಕೊಂಡು ಯಕೃತ್ತನ್ನು ಕೆಡಿಸುತ್ತಿತ್ತು. ಕಾಕಾನ ಹೆಂಡತಿ ಕಾಕು ಕರೆದರೆಂದು ನಾನೂ ಡಾಕ್ಟರ ಹತ್ತಿರ ಹೋಗಿದ್ದೆ.

"ಮುಂದ ಅಲ್ಲೆ ಕ್ಯಾನ್ಸರ್ ಗಂಟು ಆಗೂ ಹೆದರಿಕಿ ಐತ್ರಿ," ಎಂದರು ಡಾಕ್ಟರು. "ಗಂಟು ಕೈಗೆ ಹತ್ತೂಕಿಂತ ಮೊದಲ ರಕ್ತದಾಗ ಒಂದು ಅಂಶ ಏರತೈತಿ. ಎಲ್ಲಾರಿಗೂ ಏರತೈತಿ ಅಂತಲ್ಲ, ಆದ್ರ ಭಾಳ ಮಂದಿಗೆ. ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗ್ರಿ."

ಅಂದು ಕೊಟ್ಟ ರಕ್ತ ಪರೀಕ್ಷೆಗೆ ಮುಂಬಯಿಗೆ ಹೋಯಿತು, ಬಂದ ವರದಿಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆದರೆ ರಕ್ತ ಕೊಟ್ಟು ಬರುವಾಗ ಬಸ್ಸಿನಲ್ಲಿ ಕಾಕಾ ಅಂಗಿಯ ತೋಳು ಇಳಿಸಿ, ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ಮುಚ್ಚಿಕೊಂಡಿದ್ದರು. ಇಳಿಯುವಾಗ ತೋಳು ಸರಿದು ಅದು ಊರವರ ಕಣ್ಣಿಗೆ ಬಿದ್ದೇಬಿಟ್ಟಿತು. ಮುಂದಿನ ರವಿವಾರ ಕಟ್ಟೆಯ ಮೇಲೆ ಒಬ್ಬ ಕೇಳಿದ: "ಏನ್ ಕಾಕಾ, ನೀವ ಹುಬ್ಬಳ್ಳಿಗೆ ಹೋದ್ರ ನಾವೆಲ್ಲಿಗೆ ಹೋಗೂಣು?" ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ.

ಆರು ತಿಂಗಳಾದವು, ಕಾಕಾ ರಕ್ತ ಕೊಡಲು ಹೊರಡಲಿಲ್ಲ. ಕಾಕು ಅತ್ತರು, ನಾನು ಜಗಳವನ್ನೇ ಮಾಡಿದೆ. ಕಾಕಾ ಪರಾತ ತಂದು ನಮ್ಮೆದುರೇ ತಮ್ಮ ಕೈ ತೊಳೆದುಕೊಂಡರು.

"ನೋಡ್ರಿ ಅಕ್ಕೋರ, ನೀರು ಅಗದಿ ತಿಳಿ ಐತಿ. ನನ್ನ ಔಷಧದ ಮ್ಯಾಲೆ ನನಗ ನಂಬಿಕಿ ಇಲ್ಲಂದ್ರ ಮಂದಿಗೆ ಹೆಂಗ ಬರಬೇಕು?"

"ಈ ನೀರಿಗೆ ಒಳಗಿನ ಗಂಟು ಕಾಣೂದಿಲ್ರಿ ಕಾಕಾ," ಎಂದೆ.

"ಬಿಡ್ರಿ," ಎಂದು ನೀರನ್ನು ಅಂಗಳಕ್ಕೆ ಚೆಲ್ಲಿದರು. ಮತ್ತೆ ಹುಬ್ಬಳ್ಳಿಗೆ ಹೋಗಲಿಲ್ಲ.

ಮರುವರ್ಷ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾದವು. ಗಂಟು ಕೈಗೇ ಸಿಗುತ್ತಿತ್ತು. ಹೊತ್ತು ಮೀರಿದೆ ಎಂದು ಡಾಕ್ಟರು ಮನೆಗೆ ಕಳಿಸಿದರು. ಆ ರವಿವಾರ ಕಾಕು ಹಾಸಿಗೆಯ ಬಳಿಯೇ ಪರಾತ ಇಟ್ಟು ಅವರ ಕೈ ತೊಳೆಸಿದರು. ನೀರು ಹಳದಿಗೆ ತಿರುಗಿತು. ಕಾಕಾ ಬಹಳ ಹೊತ್ತು ಅದನ್ನೇ ನೋಡಿದರು... ಆಮೇಲೆ ಬತ್ತಿದ ತೋಳನ್ನು ನನ್ನತ್ತ ಚಾಚಿದರು.

"ಅಕ್ಕೋರ, ಈಗ ರಕ್ತ ಕೊಟ್ಟರ ನಡೀತೈತೇನ್ರಿ?"

ನಾನು ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಕು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ಮುಂದಿನ ಅಮಾವಾಸ್ಯೆಯನ್ನು ಕಾಕಾ ಕಾಣಲಿಲ್ಲ.

ಈಗ ನನ್ನ ರಕ್ತದಲ್ಲೂ ಅದೇ ಸೋಂಕು ಇದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ಆರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸುತ್ತೇನೆ, ವರದಿ ಕೈಸೇರುವವರೆಗೆ ಹೆದರುತ್ತಲೇ ಇರುತ್ತೇನೆ. ಮೊನ್ನೆ ಹೊರಗೆ ಬಂದಾಗ ಗೋಡೆಯ ಸುಣ್ಣ ಇನ್ನೂ ಆರಿರಲಿಲ್ಲ. ತೋಳಿನ ಹತ್ತಿಯ ಮೇಲೆ ಸೆರಗು ಎಳೆದುಕೊಳ್ಳಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಬಸ್ಸಿನಲ್ಲಿ ಪಕ್ಕದವಳು ಅದನ್ನು ನೋಡಿ, "ಏನಾಗೇತ್ರಿ?" ಎಂದಳು.

"ಏನೂ ಆಗಿಲ್ಲವ್ವಾ. ಏನರ ಆದ್ರ ಮೊದಲ ಗೊತ್ತಾಗಲಿ ಅಂತ ರಕ್ತ ಕೊಟ್ಟು ಬಂದೇನಿ."

ಅವತ್ತು ಆ ಕಟ್ಟೆಯ ಮೇಲೆ ಕಾಕಾ ಇಷ್ಟೇ ಹೇಳಿದ್ದರೆ ಸಾಕಿತ್ತು...