ಅಪ್ಪನ ಊರಿಗೆ ಹೋದ ರೈಲು

ಆಗೆಲ್ಲ ತೋಟದ ಕೂಲಿಗಳ ನಮ್ಮ ಲೈನ್ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಯಾರಾದರೂ ಒಬ್ಬರು ಊರಿಗೆ ಹೊರಟಿರುತ್ತಿದ್ದರು. ಜಾವಳಿ ಹತ್ತಿರದ ಆ ಎಸ್ಟೇಟಿನಲ್ಲಿ ಕಾಫಿ ಕೊಯ್ಲು ಮುಗಿದಿರುತ್ತಿತ್ತು. ಮೊದಲ ಮಳೆಗೆ ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟು, ಆ ವಾಸನೆಗೆ ತಲೆ ತಿರುಗುವಂತಾಗುತ್ತಿತ್ತು. ನನ್ನ ಜೊತೆಯ ಮಕ್ಕಳು ಅಜ್ಜಿಮನೆಗೆಂದು ಆಲ್ದೂರಿಗೋ ಕಳಸಕ್ಕೋ ಬಸ್ಸು ಹತ್ತುತ್ತಿದ್ದರು. ನನ್ನ ಅಜ್ಜಿಮನೆ ಅಸ್ಸಾಮಿನಲ್ಲಿತ್ತು. ಅದನ್ನು ನಾನು ನೋಡಿದ ನೆನಪೇ ಇರಲಿಲ್ಲ. ಅಪ್ಪ ಅಮ್ಮ ಅಲ್ಲಿನ ಚಹಾ ತೋಟ ಬಿಟ್ಟು ಇಲ್ಲಿಯ ಕಾಫಿ ತೋಟಕ್ಕೆ ಬಂದಾಗ ನಾನು ಅಮ್ಮನ ಬೆನ್ನಿಗೆ ಕಟ್ಟಿಕೊಂಡ ಕೂಸು.

ಮನೆಯಲ್ಲಿ ಅವರಿಬ್ಬರೂ ತಮ್ಮ ಭಾಷೆ ಆಡುತ್ತಿದ್ದರು. ನಾನು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಅವರ ಮಾತು ನನ್ನ ಕಿವಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಅಪ್ಪ ಮಾತೇ ಕಮ್ಮಿಯ ಮನುಷ್ಯ ಎಂದು ನಾನು ತಿಳಿದಿದ್ದೆ. ತೋಟದಲ್ಲಿ ಮೇಸ್ತ್ರಿ ಏನು ಹೇಳಿದರೂ "ಆಯ್ತು" ಅನ್ನುತ್ತಿದ್ದ, ಅಷ್ಟೇ.

ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದ ಮೇಲೆ ಅಪ್ಪ ನನ್ನನ್ನು ಊರಿಗೆ ಕರೆದುಕೊಂಡು ಹೊರಟ. ಅಮ್ಮ ತುಂಬು ಬಸುರಿ, ಅಷ್ಟು ದೂರದ ಪ್ರಯಾಣ ಅವಳಿಂದ ಆಗುತ್ತಿರಲಿಲ್ಲ. ಹೊರಡುವ ಬೆಳಿಗ್ಗೆ ಅವಳು ನನ್ನ ತಲೆ ಬಾಚಿ ಜಡೆ ಹಾಕಿದಳು, ಬಿಚ್ಚಿ ಮತ್ತೆ ಹಾಕಿದಳು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಅಮ್ಮನನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದ್ದ ಪಕ್ಕದ ಮನೆಯ ಅಕ್ಕ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಟ್ಟರು.

ಗೇಟಿನ ಹತ್ತಿರ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸಿಕ್ಕಿದರು. "ಎಂತ ಪುಟ್ಟಿ, ಅಜ್ಜಿಮನೆಗಾ?"

"ಹೌದು. ಶಾಲೆ ಶುರುವಾಗೋಷ್ಟರಲ್ಲಿ ಬರ್ತೀನಿ," ಅಂದೆ. ಅಪ್ಪ ರಸ್ತೆಯ ಕಡೆ ನೋಡುತ್ತ ನಿಂತ.

ಬೆಂಗಳೂರಿನಲ್ಲಿ ನಾವು ಹತ್ತಿದ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಬ್ಬಿಣದ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ, ಬೆವರು. ಅಪ್ಪ ಹೇಗೋ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟ. ನಾನು ನಿಲ್ದಾಣಗಳ ಬೋರ್ಡು ಓದುತ್ತ ಕೂತೆ. ಆಂಧ್ರದ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿದೆ. ನಮ್ಮ ಅಕ್ಷರಗಳೇ ಬೇರೆ ಟೋಪಿ ಹಾಕಿಕೊಂಡ ಹಾಗಿದ್ದವು. ಒಡಿಶಾ ಬಂದಾಗ ಅಕ್ಷರಗಳೆಲ್ಲ ಗುಂಡಗಾದವು. ಒಂದೂ ಗುರುತು ಸಿಗಲಿಲ್ಲ. ಅಲ್ಲಿಂದಾಚೆ ನಾನು ಓದುವುದನ್ನು ಬಿಟ್ಟೆ. ಬುತ್ತಿಯ ಕೊನೆಯ ರೊಟ್ಟಿ ಒಣಗಿ ಚರ್ಮದ ಹಾಗಾಗಿತ್ತು. ಅದನ್ನೇ ಚೂರು ಚೂರು ಮುರಿದು ಬಾಯಲ್ಲಿಟ್ಟುಕೊಂಡೆ.

ಅಪ್ಪನಿಗೆ ಮಾತ್ರ ಎಲ್ಲ ಉಲ್ಟಾ ಆಗುತ್ತಿತ್ತು. ದಾರಿ ಸಾಗಿದಷ್ಟೂ ಅವನಿಗೆ ಮಾತು ಹುಟ್ಟುತ್ತಿತ್ತು. ಎದುರು ಸೀಟಿನಲ್ಲಿ ಅಸ್ಸಾಮಿನ ಅವನ ಊರಿನ ಪಕ್ಕದ ಚಹಾ ತೋಟದ ಗಂಡ ಹೆಂಡತಿ ಸಿಕ್ಕಿದ್ದರು. ಬೆಂಗಳೂರಿನ ಕಟ್ಟಡ ಕೆಲಸದಿಂದ ವಾಪಸು ಹೋಗುತ್ತಿದ್ದವರು. ಹೆಂಡತಿಯ ಹೆಸರು ಫೂಲ್‌ಮಣಿ. ಅಪ್ಪ ಅವರ ಜೊತೆ ತೊಡೆ ತಟ್ಟಿಕೊಂಡು ನಕ್ಕ, ಹಾಡು ಹೇಳಿದ, ಯಾರದೋ ನಡಿಗೆಯನ್ನು ಅಣಕಿಸಿ ತೋರಿಸಿದ. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಅಪ್ಪ ಇಷ್ಟು ತಮಾಷೆಯವನೆಂದು ನನಗೆ ಗೊತ್ತೇ ಇರಲಿಲ್ಲ. ನಾನೊಬ್ಬಳೇ ನಗದೆ ಕೂತಿದ್ದೆ. ಯಾರದೋ ಅಪ್ಪನನ್ನು ನೋಡುತ್ತಿದ್ದ ಹಾಗಿತ್ತು.

ಫೂಲ್‌ಮಣಿ ನನಗೆ ಮಂಡಕ್ಕಿ ಕೊಟ್ಟು ಅಪ್ಪನನ್ನು ಕೇಳಿದಳು: "ಈ ಹುಡುಗಿಗೆ ಮಾತು ಬರಲ್ವಾ?"

"ಬರುತ್ತೆ. ಅಲ್ಲಿಯವರ ಮಾತು ಬರುತ್ತೆ," ಅಂದ ಅಪ್ಪ. ಆಮೇಲೆ ಧ್ವನಿ ತಗ್ಗಿಸಿದ. "ಹೀಗೇ ಬಿಟ್ಟರೆ ನಮ್ಮವಳಾಗಿ ಉಳಿಯಲ್ಲ. ಊರಲ್ಲಿ ಇವಳ ಆಜಿ ಹತ್ತಿರ ಬಿಟ್ಟು ಬರ್ತೀನಿ. ಅಲ್ಲೇ ಬೆಳೀಲಿ."

ಅವನು ಅದನ್ನು ಹೇಳಿದ್ದು ತನ್ನ ಭಾಷೆಯಲ್ಲಿ. ನನಗೆ ಪ್ರತಿಯೊಂದು ಮಾತೂ ತಿಳಿಯಿತು. ಮಂಡಕ್ಕಿ ಬಾಯಲ್ಲೇ ಉಳಿಯಿತು. ಅಮ್ಮನಿಗೂ ಇದು ಗೊತ್ತಿತ್ತು ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಅತ್ತರೆ ಏನೆಂದು ಕೇಳುತ್ತಾರೆ; ಹೇಳಿದರೆ ಆ ಬೋಗಿಯಲ್ಲಿ ಅಪ್ಪನ ಹೊರತು ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಅಳಲಿಲ್ಲ.

ಮರುದಿನ ಬೆಳಿಗ್ಗೆ ಬಂಗಾಳದ ಒಂದು ದೊಡ್ಡ ನಿಲ್ದಾಣದಲ್ಲಿ ರೈಲು ನಿಂತಿತು. ಅಪ್ಪ ಬಾಟಲಿ ಹಿಡಿದುಕೊಂಡು ನೀರು ತರಲು ಇಳಿದ. ಅದೇ ಪ್ಲಾಟ್‌ಫಾರ್ಮಿನ ಆ ಬದಿಗೆ ಇನ್ನೊಂದು ರೈಲು ನಿಂತಿತ್ತು. ಅದರ ಎಂಜಿನ್ ನಾವು ಬಂದ ದಿಕ್ಕಿಗೆ ಮುಖ ಮಾಡಿತ್ತು. ಅಷ್ಟು ಸಾಕಾಯಿತು ನನಗೆ. ಚೀಲವನ್ನೂ ತೆಗೆದುಕೊಳ್ಳದೆ ಇಳಿದು ಹೋಗಿ ಆ ರೈಲು ಹತ್ತಿ, ಒಂದು ಮೂಲೆಯಲ್ಲಿ ಮುದುರಿ ಕೂತೆ. ಅದು ಹೇಗೂ ವಾಪಸು ಹೋಗುತ್ತದೆ. ಕನ್ನಡದ ಬೋರ್ಡು ಕಂಡಲ್ಲಿ ಇಳಿದರಾಯಿತು ಅಂದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಹೊರಗೆ ಅಪ್ಪನ ಧ್ವನಿ ಕೇಳಿತು. ಮೊದಲು ತನ್ನ ಭಾಷೆಯಲ್ಲಿ ಕೂಗಿದ. ನಾನು ಅಲುಗಲಿಲ್ಲ. ಹಿಂದಿಯಲ್ಲಿ ಯಾರನ್ನೋ ಕೇಳಿದ. ನಾನು ಕಣ್ಣು ಮುಚ್ಚಿಕೊಂಡೆ. ನಾನು ಕೂತ ರೈಲು ಸಣ್ಣಗೆ ಜಗ್ಗಿತು. ಆಗ ಅಪ್ಪ ಕನ್ನಡದಲ್ಲಿ ಕೂಗತೊಡಗಿದ.

"ಪುಟ್ಟೀ! ಬಾ! ಬೇಗ ಬೇಗ! ಸಾಲು ಬಿಡಬೇಡ! ಪುಟ್ಟೀ, ಸಾಲು ಬಿಡಬೇಡ, ಬಾ!"

ಅವನ ಬಾಯಿಗೆ ಬರುತ್ತಿದ್ದ ಕನ್ನಡವೆಲ್ಲ ಅಷ್ಟೇ. ಕೊಯ್ಲಿನಲ್ಲಿ ಮೇಸ್ತ್ರಿ ಅವನ ಮೇಲೆ ಕೂಗುತ್ತಿದ್ದ ಮಾತುಗಳು. ಅವನ್ನೇ ಅಪ್ಪ ಆ ಜನಜಂಗುಳಿಯಲ್ಲಿ, ಧ್ವನಿ ಒಡೆಯುವಂತೆ ಕೂಗುತ್ತ ಓಡುತ್ತಿದ್ದ. ನಾನು ಬಾಗಿಲಿಗೆ ಬಂದು "ಅಪ್ಪಾ" ಅಂದೆ. ಅವನು ಚಲಿಸುತ್ತಿದ್ದ ರೈಲಿನಿಂದ ನನ್ನನ್ನು ಎತ್ತಿ ಇಳಿಸಿಕೊಂಡ. ನಮ್ಮ ರೈಲೂ ಹೊರಟಿತ್ತು. ಫೂಲ್‌ಮಣಿಯ ಗಂಡ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದ.

ಒಳಗೆ ಬಂದ ಮೇಲೆ ಅಪ್ಪ ನನ್ನ ಮುಂಗೈ ಹಿಡಿದು "ಯಾಕೆ?" ಅಂದ.

"ನನ್ನ ಅಲ್ಲೇ ಬಿಟ್ಟು ಬರ್ತೀಯಲ್ಲ."

ಅವನು ಅಸ್ಸಾಂ ಬರುವವರೆಗೂ ನನ್ನ ಮುಂಗೈ ಬಿಡಲಿಲ್ಲ. ಮತ್ತೆ ಹಾಡಲೂ ಇಲ್ಲ.

ಆಜಿ ಅಂದರೆ ಅಜ್ಜಿ, ಅಪ್ಪನ ತಾಯಿ. ನನ್ನ ಭಾಷೆಗೂ ಅವಳ ಭಾಷೆಗೂ ಹೊಂದುತ್ತಿದ್ದ ಮಾತು ಅದೊಂದೇ ಇರಬೇಕು. ಅಜ್ಜ ತೀರಿಕೊಂಡ ಮೇಲೆ ಚಹಾ ತೋಟದ ಲೈನಿನಲ್ಲಿ ಒಬ್ಬಳೇ ಇದ್ದಳು. ಎಳೆ ಚಹಾ ಎಲೆಗೆ ಈರುಳ್ಳಿ, ಹಸಿಮೆಣಸು, ಸಾಸಿವೆ ಎಣ್ಣೆ ಹಾಕಿ ಕಲಸಿ ಅನ್ನದ ಜೊತೆ ಕೊಟ್ಟಳು. ಆ ಎಣ್ಣೆಯ ಘಾಟು ನನಗೆ ಸೇರಲಿಲ್ಲ. ಮರುದಿನದಿಂದ ನನಗೆಂದೇ ಎಣ್ಣೆಯಿಲ್ಲದೆ ಬೇರೆ ಮಾಡಿದಳು. ಅವಳು ಕೇಳಿದ್ದಕ್ಕೆಲ್ಲ ನಾನು ತಲೆಯಾಡಿಸುತ್ತಿದ್ದೆ. ಅವಳು ಕೆಲಸಕ್ಕೆ ಹೋದಾಗ ಮಾತ್ರ ಹಿತ್ತಿಲ ಕೋಳಿಗಳ ಹತ್ತಿರ ಕನ್ನಡದಲ್ಲಿ ಒಂದೇ ಸಮನೆ ಮಾತಾಡುತ್ತಿದ್ದೆ. ಶಾಲೆಯ ಸುದ್ದಿ, ಅಮ್ಮನ ಸುದ್ದಿ, ರೈಟರ ನಾಯಿಯ ಸುದ್ದಿ. ಒಂದು ದಿನ ಆಜಿ ಬೇಗ ಬಂದವಳು ಗೋಡೆಯಾಚೆ ನಿಂತು ಅದನ್ನೆಲ್ಲ ಕೇಳಿಸಿಕೊಂಡಿದ್ದಾಳೆ.

ಆ ಸಂಜೆ ಅಪ್ಪನಿಗೆ ಹೇಳಿದಳು: "ಕೋಳಿ ಹತ್ತಿರ ಆಡೋ ಮಾತು ಈ ಮಗು ನನ್ನ ಹತ್ತಿರ ಆಡಲ್ಲ. ಇಲ್ಲಿದ್ರೆ ಇದರ ಬಾಯಿ ಒಣಗಿಹೋಗುತ್ತೆ. ಕರಕೊಂಡು ಹೋಗು."

"ನಿನಗೆ ಯಾರೂ ಇಲ್ಲವಲ್ಲ," ಅಂದ ಅಪ್ಪ.

"ಇಷ್ಟು ದಿನ ಯಾರಿದ್ದರು?" ಅಂದಳು ಆಜಿ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಹತ್ತು ವರ್ಷದವಳಿಗೆ ಬೇರೇನೂ ಕಾಣಿಸಲಿಲ್ಲ. ಹೊರಡುವ ದಿನ ಆಜಿ ನನ್ನ ಮುಖವನ್ನು ಎರಡು ಕೈಯಲ್ಲೂ ಹಿಡಿದು ಬಹಳ ಹೊತ್ತು ಏನೇನೋ ಹೇಳಿದಳು. ಹಲ್ಲಿಲ್ಲದ ಬಾಯಿ, ಅಳು ಬೇರೆ. ನನಗೆ ಒಂದು ಮಾತೂ ಹಿಡಿಯಲಿಲ್ಲ. ಬಸ್ಸಿನ ಹಾರನ್ ಕಡೆಗೇ ನನ್ನ ಗಮನ.

ನಾವು ಬಂದ ವಾರಕ್ಕೆ ತಮ್ಮ ಹುಟ್ಟಿದ. ಅವನು ನಡೆಯಲು ಕಲಿಯುವ ಮೊದಲೇ ಆಜಿ ಹೋದ ಸುದ್ದಿ ಬಂತು.

ಈಗ ನಾನು ಆಲ್ದೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಪ್ಪ ಅಮ್ಮ ತಮ್ಮನನ್ನು ಕರೆದುಕೊಂಡು ಊರಿಗೇ ಮರಳಿದ್ದಾರೆ. ಫೋನಿನಲ್ಲಿ ಅವರ ಭಾಷೆಯನ್ನು ತಡವರಿಸುತ್ತ ಆಡುತ್ತೇನೆ, ತಮ್ಮ ನಗುತ್ತಾನೆ. ಮೊನ್ನೆ ಅಪ್ಪನನ್ನು ಕೇಳಿದೆ: ಹೊರಡುವ ದಿನ ಆಜಿ ನನಗೆ ಏನು ಹೇಳಿದಳು? "ಮರೆತುಹೋಯ್ತು ಪುಟ್ಟಿ," ಅಂದ.

ನನಗೆಂದೇ ಹೇಳಿದ ಮಾತು, ನನ್ನ ಕಿವಿಯ ಮೇಲೇ ಬಿದ್ದದ್ದು. ಅದು ಈಗ ಯಾರ ಬಳಿಯೂ ಇಲ್ಲ.