ಅವ್ವ ತಪ್ಪು ಹಿಡಿಯದ ಒಂದು ಕಂತು

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಬಣ್ಣದ ಟಿವಿ ಇದ್ದದ್ದು ಎರಡೇ ಮನೆಯಲ್ಲಿ, ಅದರಲ್ಲಿ ನಮ್ಮದೂ ಒಂದು. ವಾರಕ್ಕೊಂದು ಸಂಜೆ ಎಳೆಯ ಡಾಕ್ಟರುಗಳ ಧಾರಾವಾಹಿ ಬರುತ್ತಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಚಾಪೆ ತುಂಬ ಕೂರುತ್ತಿದ್ದದ್ದು, ಸುಳ್ಳೇಕೆ ಹೇಳಲಿ, ಧಾರಾವಾಹಿಗಲ್ಲ, ನಮ್ಮವ್ವನ ಬಾಯಿಗೆ. ಅವ್ವ ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ.

"ಥೂ, ಡ್ರಿಪ್ಪು ಆಕವ್ರೆ, ಬಾಟ್ಲಿ ನೋಡಿ, ಕೈಗಿಂತ ಕೆಳಗದೆ! ರಕ್ತ ವಾಪಸ್ ಬತ್ತದೆ ಕಣ್ರೀ. ಅಯ್ಯೋ, ಆಪರೇಸನ್ನಿಗೆ ಓಗೋಳ್ಗೆ ಬಳೆ ಬಿಚ್ಚಿಸ್ಬಾರ್ದಾ? ಲಿಪ್‌ಸ್ಟಿಕ್ ಬೇರೆ ಕೇಡು!" ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಗುತ್ತಿತ್ತು. ಅಂಥ ನಗು ಆಮೇಲೆ ಯಾವ ಟಿವಿಯ ಮುಂದೆಯೂ ನನಗೆ ಸಿಕ್ಕಿಲ್ಲ.

ಆ ವರ್ಷ ಅವ್ವನ ಆಸ್ಪತ್ರೆಗೆ ಆಗಷ್ಟೇ ಓದು ಮುಗಿಸಿದ ಡಾಕ್ಟರೊಬ್ಬರು ಸೇರಿದರು. ರೂಮಿನಲ್ಲಿ ಟಿವಿ ಇಲ್ಲವೆಂದು ಅವರೂ ನಮ್ಮ ಮನೆಗೇ ಬರತೊಡಗಿದರು. ಅವರೆದುರಿಗೂ ಅವ್ವನ ಬಾಯಿ ನಿಲ್ಲಲಿಲ್ಲ.

ಒಂದು ವಾರ ಮಾತ್ರ ಅವ್ವ ತುಟಿಪಿಟಕ್ಕೆನ್ನಲಿಲ್ಲ. ಟಿವಿಯ ಹೀರೋ ಡಾಕ್ಟರು ಹೊಟ್ಟೆನೋವಿನ ಹುಡುಗಿಯನ್ನು ಎತ್ತಿಕೊಂಡು ನೇರ ಆಪರೇಷನ್ ಕೋಣೆಗೆ ಓಡಿದ. ಎದುರುಮನೆಯ ಅಜ್ಜಿ ತಡೆಯಲಾರದೆ, "ಯಾಕಮ್ಮಿ, ಇವತ್ತು ಒಂದ್ ತಪ್ಪೂ ಸಿಗ್ನಿಲ್ವಾ?" ಎಂದು ಕೆಣಕಿತು.

"ಎಲ್ಲಾ ಸರಿಯಾಗೇ ಅದೆ ಬುಡಿ," ಎಂದಳು ಅವ್ವ.

"ಸರಿಯಿಲ್ಲ," ಎಂದರು ಡಾಕ್ಟರು. "ಹುಡುಗಿ ಏನಾದ್ರೂ ತಿಂದಿದಾಳಾ ಅಂತ ಯಾರೂ ವಿಚಾರಿಸಲಿಲ್ಲ."

"ಬ್ಯಾಡಿ ಸಾ," ಎಂದು ಅವ್ವ ಕಣ್ಸನ್ನೆ ಮಾಡಿದಳು. ನಮ್ಮೂರಲ್ಲಿ ಡಾಕ್ಟರ ಕೈಗುಣ ಸರಿಯಿಲ್ಲವೆಂಬ ಮಾತು ಹುಟ್ಟಿಕೊಂಡರೆ ಅವರ ಕಥೆ ಮುಗಿದಂತೆ. ಆದರೂ ಅವರು ಬೀದಿಯ ಹೆಂಗಸರೆಲ್ಲರ ಮುಂದೆ ಹೇಳಿಯೇಬಿಟ್ಟರು.

ಹಿಂದಿನ ದಿನ ಹೆಮ್ಮಿಗೆ ಹಳ್ಳಿಯಿಂದ ಒಬ್ಬ ಹುಡುಗಿಯನ್ನು ಆಪರೇಷನ್ನಿಗೆ ಕರೆತಂದಿದ್ದರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಮೊದಲೇ ಹೇಳಿದ್ದರು. "ಏನೂ ತಿನ್ನಿಸಿಲ್ಲ ತಾನೆ?" ಎಂದು ಡಾಕ್ಟರು ಕೇಳಿದ್ದಕ್ಕೆ ಹುಡುಗಿಯ ಅಜ್ಜಿ, "ಒಂದ್ ತೊಟ್ಟು ನೀರೂ ಇಲ್ಲ ಸಾ," ಎಂದಿದ್ದಳು. ಡಾಕ್ಟರು ನಂಬಿದರು. ನಮ್ಮ ಕಡೆ ಹಸಿದ ಹೊಟ್ಟೆಗೆ ಕತ್ತರಿ ಹಾಕಿಸಲು ಯಾವ ಅಜ್ಜಿಗೆ ಮನಸ್ಸು ಬಂದೀತು! ಅವ್ವ ಹೋಗಿ ಆ ಅಜ್ಜಿಯ ಪಕ್ಕದಲ್ಲಿ ಕೂತು, "ಬೆಳಿಗ್ಗೆ ಏನ್ ಸಾರವ್ವಾ ಮಾಡಿದ್ದೆ?" ಎಂದಳಂತೆ. "ಉಪ್ಸಾರು ಕಣವ್ವ. ಪಾಪ, ಕೂಸು ಒಂದೇ ಒಂದ್ ಮುದ್ದೆ ಉಂಡ್ತು." ಆಪರೇಷನ್ ಮರುದಿನಕ್ಕೆ ಹೋಯಿತು, ಹುಡುಗಿ ಉಳಿದಳು.

"ಇವರು ಕೇಳದಿದ್ರೆ, ಪ್ರಜ್ಞೆ ತಪ್ಪಿಸಿದಾಗ ಉಂಡಿದ್ದೆಲ್ಲ ಗಂಟಲಿಗೆ ಬಂದು ಉಸಿರು ಕಟ್ಟಿಬಿಡ್ತಿತ್ತು," ಎಂದರು ಡಾಕ್ಟರು. "ಇವರಿಗೆ ಗೊತ್ತಿರೋದು ನನಗೆ ಗೊತ್ತಿರಲಿಲ್ಲ."

ಎಲ್ಲರೂ ಹೊರಟ ಮೇಲೆ ಅವ್ವ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. "ಬುದ್ಧಿ ಅದಾ ಆ ಡಾಕ್ಟ್ರು ಉಡುಗುನ್ಗೆ? ಯಾರಾದ್ರೂ ತಮ್ ಮರ್ಯಾದೆ ತಾವೇ ಕಳ್ಕತಾರಾ? ಅವ್ರಿಗೋಸ್ಕರ ತಾನೆ ನಾನು ಬಾಯ್ ಮುಚ್ಕಂಡಿದ್ದು!"

ಸದ್ದು ನಿಂತಿತು. ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ನನಗೆ ಗಾಬರಿಯಾಯಿತು. ಯಾಕವ್ವ ಎಂದೆ.

"ಅದಿನೆಂಟು ವರ್ಸದಿಂದ ಆ ನೆಲ ಒರಸ್ತಾ ಇವ್ನಿ ಕಣಮ್ಮಿ," ಎಂದಳು. "ನಂಗೂ ಏನೋ ಗೊತ್ತು ಅಂತ ಒಬ್ರು ಡಾಕ್ಟ್ರೂ ಇವತ್ತಿನ್ ತಂಕ ಅಂದಿರ್ನಿಲ್ಲ."